ಬಾತುಕೋಳಿಗೂ ಒಂದು ಸಹಿ ಬೇಕು

ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಹಿ ತಾಳೆ ನೋಡಿದವನು ನಾನು. ಈ ವಯಸ್ಸಿನಲ್ಲಿ ಪೈಥಾನ್ ಕಲಿಯಲು ಕೂತಾಗ ಒಂದು ವಿಷಯ ಮಾತ್ರ ಸುಲಭಕ್ಕೆ ಗಂಟಲಲ್ಲಿ ಇಳಿಯಲಿಲ್ಲ. ಅದೇ ಸ್ಟ್ರಕ್ಚರಲ್ ಟೈಪಿಂಗ್.

ಜಾವಾದಲ್ಲಿ ಒಂದು ಕ್ಲಾಸು ಯಾವ ಇಂಟರ್‌ಫೇಸಿಗೆ ಸೇರಿದ್ದು ಅಂತ 'ಇಂಪ್ಲಿಮೆಂಟ್ಸ್' ಎಂದು ಬರೆದು ಹೇಳಲೇಬೇಕು. ಫಾರ್ಮಿಗೆ ಸಹಿ ಹಾಕಿದ ಹಾಗೆ. 2009ರಲ್ಲಿ ಹೊರಬಂದ ಗೋ ಭಾಷೆಯಲ್ಲಿ ಈ ಸಹಿಯೇ ಬೇಡ. ಬೇಕಾದ ಮೆಥಡ್‌ಗಳು ಇದ್ದರೆ ಸಾಕು, ಸೇರಿತು ಅಂತಲೇ ಲೆಕ್ಕ. 2019ರಲ್ಲಿ ಪೈಥಾನ್ 3.8 ಇದನ್ನೇ 'ಪ್ರೋಟೋಕಾಲ್' ಎಂಬ ಹೆಸರಲ್ಲಿ ತಂದಿತು. ಬಾತುಕೋಳಿಯ ಹಾಗೆ ನಡೆದು, ಹಾಗೇ ಕೂಗಿದರೆ ಅದು ಬಾತುಕೋಳಿಯೇ ಎಂಬ ವಾದ ಪೈಥಾನಿನವರಿಗೆ ಹಳೆಯದು. ಮೈಪೈನಂಥ ಟೈಪ್ ಚೆಕ್ಕರ್ ಈಗ ಪ್ರೋಗ್ರಾಮ್ ಓಡುವ ಮೊದಲೇ ತಾಳೆ ನೋಡುತ್ತದೆ, ಅಷ್ಟೇ.

ಇದರಿಂದ ಅನುಕೂಲ ಇಲ್ಲ ಅನ್ನಲಾರೆ. ಬೇರೆಯವರು ಬರೆದ ಲೈಬ್ರರಿಯ ಕ್ಲಾಸನ್ನು ನಾವು ತಿದ್ದುವ ಹಾಗಿಲ್ಲ. ಪ್ರೋಟೋಕಾಲ್ ಇದ್ದರೆ ಅದನ್ನು ಮುಟ್ಟದೆಯೇ ಬಳಸಿಕೊಳ್ಳಬಹುದು.

ಆದರೆ ಪುಣೆಯ ನಮ್ಮ ಸೊಸೈಟಿಯ ಬಾಕಿ ಲೆಕ್ಕಕ್ಕೆ ಪುಟ್ಟ ಪ್ರೋಗ್ರಾಮ್ ಬರೆಯಲು ಹೋಗಿ ಎಡವಿದೆ. ಎರಡು ಕ್ಲಾಸಿನಲ್ಲೂ 'ಬಡ್ಡಿ' ಎಂಬ ಮೆಥಡ್ ಇತ್ತು. ಎರಡಕ್ಕೂ ಅಸಲು, ಅವಧಿ ಕೊಡಬೇಕು. ಅವಧಿ ಎರಡರಲ್ಲೂ ಪೂರ್ಣಾಂಕವೇ. ಆದರೆ ಒಂದರಲ್ಲಿ ಅದು ದಿನ, ಇನ್ನೊಂದರಲ್ಲಿ ತಿಂಗಳು! ಚೆಕ್ಕರ್ ಚಕಾರ ಎತ್ತಲಿಲ್ಲ. ಹತ್ತು ಸಾವಿರ ಬಾಕಿಗೆ ಶೇ. 12ರಂತೆ 90 ದಿನದ ಬಡ್ಡಿ ಸುಮಾರು 296 ರೂಪಾಯಿ. 90 ತಿಂಗಳು ಅಂದುಕೊಂಡರೆ 9,000! ಎದುರು ಮನೆಯ ಕಾಕೂ ಬಿಲ್ಲು ಹಿಡಿದು ಬಾಗಿಲಿಗೆ ಬಂದಾಗ ನನಗೆ ತಲೆಯೆತ್ತಲು ಆಗಲಿಲ್ಲ.

ಸಹಿ ಇದ್ದರೆ ಈ ತಪ್ಪು ತಾನಾಗಿ ಸಿಗುತ್ತಿತ್ತೇ? ಇಲ್ಲ. ಆದರೆ ಸಹಿ ಹಾಕುವವನು ಒಮ್ಮೆಯಾದರೂ ಮೇಲಿನ ಷರತ್ತು ಓದುತ್ತಾನೆ. ಪ್ರೋಟೋಕಾಲ್‌ನಲ್ಲಿ 'ಅವಧಿ ದಿನಗಳಲ್ಲಿ' ಎಂದು ನಾನೇ ಬರೆದಿದ್ದೆ, ಎರಡನೇ ಕ್ಲಾಸು ಬರೆಯುವಾಗ ತೆರೆದು ನೋಡಲಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಹೊರಗಿನ ಕೋಡಿಗೆ ರೂಪ ಹೊಂದಿದರೆ ಸಾಕು. ದುಡ್ಡಿನ ಲೆಕ್ಕ ಮಾಡುವ ನಮ್ಮದೇ ಕ್ಲಾಸು ಮಾತ್ರ ಪ್ರೋಟೋಕಾಲಿನ ಹೆಸರು ಹೇಳಿಯೇ ಬರಬೇಕು. ಪೈಥಾನ್ ಅದಕ್ಕೂ ಅವಕಾಶ ಕೊಟ್ಟಿದೆ. ಜೊತೆಗೆ 'ನ್ಯೂಟೈಪ್' ಬಳಸಿ ದಿನ, ತಿಂಗಳುಗಳನ್ನು ಬೇರೆ ಬೇರೆ ಟೈಪ್ ಮಾಡಿಟ್ಟಿದ್ದೇನೆ. ಈಗ ಒಂದರ ಜಾಗಕ್ಕೆ ಇನ್ನೊಂದು ಬಂದರೆ ಚೆಕ್ಕರ್ ಅಲ್ಲೇ ಹಿಡಿಯುತ್ತದೆ.

ಮುಖ ನೋಡಿ ಸಾಲ ಕೊಡುವವರಲ್ಲ ನಾವು ಬ್ಯಾಂಕಿನವರು. ಕೋಡಿಗೆ ಮಾತ್ರ ಯಾಕೆ ವಿನಾಯಿತಿ? ನೀವೇನಂತೀರಿ?