ಹತ್ತುಮೀನಿಗೆ ದಾರಿ ಬಿಡಿ

ಜೂನ್ ಬಂತು. ಕುವೈತ್‌ನ ಮನೆಮನೆಯಲ್ಲೂ ಊರಿಗೆ ಹೊರಡುವ ಗಡಿಬಿಡಿ. ಬಂಧುಗಳೇ, ಸೂಟ್‌ಕೇಸು ಮುಚ್ಚುವ ಮುಂಚೆ ನನ್ನದೊಂದು ಮಾತು ಕೇಳಿ.

ಇಲ್ಲಿನ ಕಡಲಿನ ಜುಬೈದಿ, ಅಂದರೆ ನಮ್ಮ ಮಾಂಜಿ, ಮೊಟ್ಟೆಯಿಡುವ ಕಾಲವೆಂದು ಜೂನ್ 1ರಿಂದ ಒಂದೂವರೆ ತಿಂಗಳು ಅದನ್ನು ಹಿಡಿಯುವಂತಿಲ್ಲ. ನಾವು ಮರುಮಾತಿಲ್ಲದೆ ಬೇರೆ ಮೀನು ತಂದು ಸಾರು ಮಾಡುತ್ತೇವೆ. ನಮ್ಮ ಕರಾವಳಿಯಲ್ಲೂ ಜೂನ್, ಜುಲೈ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಹಾಗಾದರೆ ನಮ್ಮ ಹೊಳೆ ಏನು ಪಾಪ ಮಾಡಿತ್ತು?

ಊರು ಮುಟ್ಟಿದ ರಾತ್ರಿಯೇ ಟಾರ್ಚು, ಕತ್ತಿ ಹಿಡಿದು ಹತ್ತುಮೀನಿಗೆ ಹೊರಡುತ್ತೇವೆ. ಮಳೆಯ ಕೆಂಪು ನೀರಿಗೆ ಎದುರಾಗಿ ತೊರೆಯಿಂದ ಗದ್ದೆಗೆ ಮೊಟ್ಟೆಯಿಡಲು ಹಾರಿ ಹಾರಿ ಬರುವ ಮೀನು ಅದು. ನಾನೂ ಕಡಿದಿದ್ದೇನೆ. ಅಂಗಳದಲ್ಲಿ ಕೂತು ಸೀಳಿದರೆ ಹೊಟ್ಟೆ ತುಂಬ ಹಳದಿ ಮೊಟ್ಟೆ. ಅವತ್ತು ಅದನ್ನೇ ಹುರಿದು ತಿಂದೆ. ಈಗ ನೆನೆದರೆ ಗಂಟಲು ಕಟ್ಟುತ್ತದೆ.

ನಮ್ಮ ಹೊಳೆಯ ಇನ್ನೊಂದು ಮೀನು, ಮಹಶೀರ್, ಹೀಗೆ ಗದ್ದೆಗೆ ಹತ್ತುವುದಿಲ್ಲ. ಅದು ಹೊಳೆಯಲ್ಲೇ ಮೇಲಕ್ಕೆ ಸಾಗಿ, ನೀರು ರಭಸವಾಗಿ ಹರಿಯುವ ಕಡೆ ಹರಳುಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿಯನ್ನೂ ಪುಡಿ ಮಾಡುತ್ತದೆ, ದಡದ ಮರದಿಂದ ಹಣ್ಣು ಬಿದ್ದರೂ ನುಂಗುತ್ತದೆ. ಬೆಳೆಯುವುದು ಮಾತ್ರ ಬಲು ನಿಧಾನ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮಹಶೀರ್ ಸುಮಾರು 54 ಕಿಲೋ ತೂಗಿತ್ತು. ಕಾವೇರಿ ಸೀಮೆಯ ಆ ಜಾತಿ, ಗೂನುಬೆನ್ನಿನ ಮಹಶೀರ್, 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳು ದಂಧೆ, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್, ಮೀನು ಕೊಲ್ಲಲು ನೀರಲ್ಲಿ ಸಿಡಿಸುವ ತೋಟೆ: ಎಲ್ಲ ಸೇರಿ ಅದಕ್ಕೆ ಈ ಗತಿ ತಂದವು.

ನಮ್ಮ ಶಿಶಿಲದಲ್ಲಿ, ಶಿಶಿಲೇಶ್ವರನ ಗುಡಿಯ ಎದುರಿಗೆ ಕಪಿಲಾ ಹೊಳೆಯಲ್ಲಿ, ಮಹಶೀರ್ ದೇವರ ಮೀನು. ಮೆಟ್ಟಿಲಲ್ಲಿ ಕೂತು ಹುರಿಯಕ್ಕಿ ಎಸೆದರೆ ದಪ್ಪ ತುಟಿ ತೆರೆದು, ಮೀಸೆ ಅಲುಗಿಸುತ್ತಾ ಕಾಲಬುಡಕ್ಕೇ ಬರುತ್ತವೆ. ಮನುಷ್ಯರನ್ನು ಅಷ್ಟು ನಂಬಿದ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿದರು. ಸಾವಿರಾರು ಸತ್ತು ತೇಲಿದವು. ಊರವರು ಅವಕ್ಕೊಂದು ಸ್ಮಾರಕ ಕಟ್ಟಿದ್ದಾರೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಗಲ್ಫಿನಿಂದ ಬಂದವರೆಂದರೆ ಊರಲ್ಲಿ ಮೀನು ಹಿಡಿಯುವ ಮೋಜಿನ ಖರ್ಚೆಲ್ಲ ನಮ್ಮ ತಲೆಗೇ. ಹೊಳೆಗೆ ಹಾಕುವ ತೋಟೆಗೆ, ಬ್ಲೀಚಿಂಗ್ ಪುಡಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಭಾವನೇ ಕೇಳಲಿ, ಬಾಲ್ಯದ ಗೆಳೆಯನೇ ಕೇಳಲಿ, ಆಗದು ಎನ್ನಿ. ಕೋಪ ಬಂದರೆ ಬರಲಿ.

ಮೊದಲ ಮಳೆಯ ರಾತ್ರಿ ಗದ್ದೆಯ ಅಂಚಿಗೆ ಹೋಗಿಯೇ ಹೋಗಿ. ಟಾರ್ಚು ಇರಲಿ, ಮಕ್ಕಳೂ ಜೊತೆಗಿರಲಿ. ಮೀನು ಹತ್ತುವುದನ್ನು ಅವರು ಕಣ್ತುಂಬ ನೋಡಲಿ. ಕತ್ತಿಯೊಂದನ್ನು ಮನೆಯಲ್ಲೇ ಬಿಟ್ಟು ಬನ್ನಿ.