ಫೋನು ಕೊಂಡವರದು, ಕೀಲಿ ಯಾರದು?

ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ಒಂದು ಪುಟ್ಟ ಆ್ಯಪ್ ಬರೆದಳು ಎಂದಿಟ್ಟುಕೊಳ್ಳಿ. ಮನೆಗೆ ಬರುವ ಹಾಲು, ದಿನಪತ್ರಿಕೆಗಳ ಲೆಕ್ಕ ಇಟ್ಟು ತಿಂಗಳ ಕೊನೆಗೆ ಯಾರಿಗೆ ಎಷ್ಟು ಕೊಡಬೇಕೆಂದು ಹೇಳುವ ಆ್ಯಪ್, ಅಷ್ಟೆ. ಅಮ್ಮನ ಫೋನು ಆಂಡ್ರಾಯ್ಡ್ ಆಗಿದ್ದರೆ ಕೆಲಸ ಸುಲಭ. ಎಪಿಕೆ ಎಂಬ ಕಡತವನ್ನು ಕೇಬಲ್ ಮೂಲಕ ಸಾಗಿಸಿದರಾಯಿತು. ಇದು ಗೊತ್ತಿಲ್ಲದ ಕಡೆಯಿಂದ ಬಂದದ್ದು, ಪರವಾಗಿಲ್ಲವೆ ಎಂದು ಫೋನು ಕೇಳುತ್ತದೆ. ಹೂಂ ಎಂದರೆ ಮುಗಿಯಿತು.

ಅಪ್ಪನದು ಐಫೋನ್ ಆಗಿದ್ದರೆ? ಸಾಮಾನ್ಯವಾಗಿ ಮೊದಲು ಅದೇ ಕಂಪನಿಯ ಮ್ಯಾಕ್ ಕಂಪ್ಯೂಟರ್ ಬೇಕು. ಅದನ್ನು ಎಲ್ಲಿಂದಲೋ ಹೊಂದಿಸಿಕೊಂಡರೂ, ಬಿಟ್ಟಿ ಖಾತೆಯಿಂದ ಹಾಕಿದ ಆ್ಯಪ್ ಏಳೇ ದಿನ ಓಡುತ್ತದೆ. ಆಮೇಲೆ ಮತ್ತೆ ಹಾಕಬೇಕು. ಈ ಗಡುವು ಬೇಡವೆಂದರೆ ವರ್ಷಕ್ಕೆ 99 ಡಾಲರ್ ಕಟ್ಟಿ ಸದಸ್ಯತ್ವ ಪಡೆಯಬೇಕು. ಊರಿನವರಿಗೆಲ್ಲ ಕೊಡುವ ಆಸೆಯಿದ್ದರೆ ಆಪಲ್ ಕಂಪನಿಯ ಆ್ಯಪ್ ಸ್ಟೋರ್‌ಗೆ ಒಪ್ಪಿಸಿ, ಅವರು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಕಾಯಬೇಕು. ಆಂಡ್ರಾಯ್ಡಿನ ಗೂಗಲ್ ಪ್ಲೇ ಅಂಗಡಿಗೂ ಶುಲ್ಕವಿದೆ, ಆದರೆ ಅದು ಒಂದೇ ಸಲ ಕಟ್ಟುವ 25 ಡಾಲರ್. ಅದನ್ನು ಕಟ್ಟದೆಯೂ ಆ್ಯಪ್ ಹಂಚಬಹುದು.

ಎರಡೂ ಫೋನುಗಳಿಗೆ ಮನೆಯವರು ಪೂರ್ತಿ ಹಣ ಕೊಟ್ಟಿದ್ದಾರೆ. ಹಾಗಿದ್ದೂ ಈ ವ್ಯತ್ಯಾಸ ಏಕೆ?

ಇದು ಯಂತ್ರದ ಕೊರತೆಯಲ್ಲ, ಬೇಕೆಂದೇ ಇಟ್ಟ ಬೀಗ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಕಟ್ಟಿಗೆ ಅರಗಿನ ಮುದ್ರೆ ಒತ್ತುವ ಪದ್ಧತಿ ಗೊತ್ತಲ್ಲ? ಮುದ್ರೆ ಒಡೆದಿದ್ದರೆ ಆ ಕಟ್ಟನ್ನು ಯಾರೂ ಮುಟ್ಟುವುದಿಲ್ಲ. ಸ್ಮಾರ್ಟ್‌ಫೋನಿನ ಪ್ರತಿಯೊಂದು ಆ್ಯಪ್‌ಗೂ ಅಂಥದೇ ಒಂದು ಗಣಿತದ ಮುದ್ರೆ ಇರುತ್ತದೆ. ಅದಕ್ಕೆ ಡಿಜಿಟಲ್ ಸಹಿ ಎಂದು ಹೆಸರು. ಆ್ಯಪ್‌ನ ಒಳಗೆ ಒಂದೇ ಒಂದು ಅಕ್ಷರ ಬದಲಾದರೂ ಸಹಿ ತಾಳೆಯಾಗುವುದಿಲ್ಲ. ಇಲ್ಲಿಯವರೆಗೆ ಎರಡು ಫೋನುಗಳೂ ಒಂದೇ. ಮುದ್ರೆ ಯಾರದು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಐಫೋನು ಆಪಲ್ ಮಾನ್ಯ ಮಾಡಿದ ಮುದ್ರೆ ಇಲ್ಲದ ಯಾವುದನ್ನೂ ಓಡಿಸುವುದಿಲ್ಲ. ಆಂಡ್ರಾಯ್ಡಿನಲ್ಲಿ ಆ್ಯಪ್ ಬರೆದವರು ತಮ್ಮ ಮುದ್ರೆಯನ್ನು ತಾವೇ ಒತ್ತಿಕೊಳ್ಳಬಹುದು. ಆ ಮುದ್ರೆ ಬರೆದವರು ಒಳ್ಳೆಯವರೆಂದು ಹೇಳುವುದಿಲ್ಲ. ನಾಳೆ ಬರುವ ಹೊಸ ಆವೃತ್ತಿಯೂ ಇಂದಿನವರಿಂದಲೇ ಬಂದದ್ದು ಎಂದಷ್ಟೇ ಖಾತರಿ ಕೊಡುತ್ತದೆ.

ಐಫೋನ್ 2007ರಲ್ಲಿ ಮಾರಾಟಕ್ಕೆ ಬಂದಾಗ ಹೊರಗಿನವರ ಆ್ಯಪ್‌ಗೆ ಅದರಲ್ಲಿ ಜಾಗವೇ ಇರಲಿಲ್ಲ. 2008ರ ಜುಲೈನಲ್ಲಿ 500 ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ತೆರೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಮಾರ್ಕೆಟ್ ಬಂದಿತು. ಇಂದಿನ ಗೂಗಲ್ ಪ್ಲೇ ಎಂಬ ಹೆಸರು ಅದಕ್ಕೆ ಸಿಕ್ಕಿದ್ದು 2012ರಲ್ಲಿ. ಒಂದು ಕಾಂಪೌಂಡು ಹಾಕಿದ ಮಳಿಗೆ, ಇನ್ನೊಂದು ಸಂತೆ. ಸಂತೆಯಲ್ಲಿ ಗೋಣಿತಾಟು ಹಾಸಿ ಯಾರು ಬೇಕಾದರೂ ಕೂರಬಹುದು.

ಆದರೆ ಸುಂಕ ಎರಡೂ ಕಡೆ ಇತ್ತು. ಆ್ಯಪ್‌ನಲ್ಲಿ ಮಾರುವ ಆಟದ ನಾಣ್ಯ, ಪಾಠದ ಚಂದಾ ಮುಂತಾದ ಡಿಜಿಟಲ್ ಸರಕಿಗೆ ನೂರು ರೂಪಾಯಿ ಕೊಟ್ಟರೆ ಮೂವತ್ತು ಅಂಗಡಿಯವರಿಗೆ, ಎಪ್ಪತ್ತು ತಯಾರಿಸಿದವರಿಗೆ. ಸಣ್ಣ ತಯಾರಕರಿಗೆ ಇದು ಶೇ. 15ಕ್ಕೆ ಇಳಿದದ್ದು 2021ರಲ್ಲಿ. ಈ ಸುಂಕವನ್ನು ಕೊನೆಗೆ ಕೊಡುವವರು ಯಾರು ಎಂಬುದಕ್ಕೆ ಒಳ್ಳೆಯ ಉದಾಹರಣೆ ಫೋರ್ಟ್‌ನೈಟ್ ಆಟದ್ದು. ಅದರ ಒಡೆಯರಾದ ಅಮೆರಿಕದ ಎಪಿಕ್ ಗೇಮ್ಸ್ ಕಂಪನಿ 2020ರ ಆಗಸ್ಟ್ 13ರಂದು, ಅಂಗಡಿಯ ಮೂಲಕವಲ್ಲದೆ ತನಗೇ ನೇರವಾಗಿ ಹಣ ಕಟ್ಟುವ ದಾರಿಯೊಂದನ್ನು ಆಟದೊಳಗೆ ಇಟ್ಟಿತು. ಅಂಗಡಿಯ ಮೂಲಕ 9.99 ಡಾಲರ್ ಆಗುತ್ತಿದ್ದ ಆಟದ ನಾಣ್ಯಗಳು ನೇರವಾಗಿ ಕೊಂಡರೆ 7.99 ಡಾಲರ್. ಅದೇ ದಿನ ಆಪಲ್, ಗೂಗಲ್ ಎರಡೂ ಆಟವನ್ನು ತಮ್ಮ ಅಂಗಡಿಗಳಿಂದ ಕಿತ್ತುಹಾಕಿದವು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂದು ಎಪಿಕ್ ಇಬ್ಬರ ಮೇಲೂ ನ್ಯಾಯಾಲಯಕ್ಕೆ ಹೋಯಿತು.

ತೀರ್ಪುಗಳು ಬಂದಾಗ ಹಲವರು ಹುಬ್ಬೇರಿಸಿದರು. ಬೀಗ ಹಾಕಿಕೊಂಡಿದ್ದ ಆಪಲ್ 2021ರಲ್ಲಿ ಬಹುಪಾಲು ಗೆದ್ದಿತು. ಹಣ ಕಟ್ಟಲು ಬೇರೆ ದಾರಿಯಿದೆ ಎಂದು ಗ್ರಾಹಕರಿಗೆ ತಿಳಿಸುವುದನ್ನು ಅದು ತಡೆಯಬಾರದು ಎಂದಷ್ಟೇ ನ್ಯಾಯಾಧೀಶರು ಹೇಳಿದರು. ಬಾಗಿಲು ತೆರೆದಿಟ್ಟಿದ್ದ ಗೂಗಲ್ 2023ರ ಡಿಸೆಂಬರ್‌ನಲ್ಲಿ ತೀರ್ಪುಗಾರರ ಮುಂದೆ ಸೋತಿತು! ಕಾರಣ ತಿಳಿಯಬೇಕಾದದ್ದು. ಬೇರೆ ಅಂಗಡಿಗಳಿಗೆ ಅವಕಾಶವಿದೆ ಎಂದು ಗೂಗಲ್ ಹೇಳುತ್ತಿತ್ತು ನಿಜ. ಅದೇ ಹೊತ್ತಿಗೆ ಫೋನು ತಯಾರಿಸುವವರೊಂದಿಗೂ ದೊಡ್ಡ ಆಟಗಳ ಕಂಪನಿಗಳೊಂದಿಗೂ ಹಣದ ಒಪ್ಪಂದ ಮಾಡಿಕೊಂಡು, ಬೇರೆ ಅಂಗಡಿ ತಲೆಯೆತ್ತದಂತೆ ನೋಡಿಕೊಂಡಿತ್ತು. ಬಾಗಿಲು ತೆರೆದಿದೆ ಎಂಬ ಫಲಕ ಒಂದು, ಅದರ ಮೂಲಕ ಹೋಗಿಬರಲು ಆಗುವುದು ಇನ್ನೊಂದು. ಮುಕ್ತ, ಮುಚ್ಚಿದ ಎಂಬ ಹೆಸರುಗಳನ್ನು ನೋಡಿ ತೀರ್ಮಾನ ಮಾಡುವವರು ಎಡವುವುದು ಇಲ್ಲಿಯೇ.

ಇಷ್ಟು ಓದಿದ ತಂದೆತಾಯಿಯರ ಮನಸ್ಸಿನಲ್ಲಿ ಒಂದು ಆಕ್ಷೇಪ ಎದ್ದಿರಬಹುದು: ಸುಂಕ ಹೋದರೆ ಹೋಗಲಿ, ಮಕ್ಕಳ ಫೋನು ಸುರಕ್ಷಿತವಾಗಿರುತ್ತದಲ್ಲ? ಆಕ್ಷೇಪ ಸಣ್ಣದಲ್ಲ. ಮದುವೆಯ ಆಮಂತ್ರಣವೆಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತವನ್ನು ತೆರೆದು ಹಣ ಕಳೆದುಕೊಂಡವರ ಬಗ್ಗೆ 2024ರಿಂದ ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ಆಮಂತ್ರಣ ಓದಲು ಆತುರಪಟ್ಟವರು ಆ್ಯಪ್ ಹಾಕಿಕೊಳ್ಳುತ್ತಾರೆ, ಅದು ಎಸ್ಎಂಎಸ್ ಓದುವ ಅನುಮತಿ ಕೇಳುತ್ತದೆ, ಕೊಟ್ಟುಬಿಡುತ್ತಾರೆ. ಆಮೇಲೆ ಬ್ಯಾಂಕಿನಿಂದ ಬರುವ ಓಟಿಪಿ ಕಳ್ಳನ ಕೈಗೆ. ಸಂತೆಯ ಈ ಅಪಾಯವನ್ನು ಮುಚ್ಚಿಟ್ಟು ಮುಕ್ತ ಮಾರುಕಟ್ಟೆಯನ್ನು ಹೊಗಳುವುದು ಅಪ್ರಾಮಾಣಿಕತೆ. ಎಪಿಕ್ ಮೊಕದ್ದಮೆಯಲ್ಲಿ ಆಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಘಿ, ಹೊರಗಿನ ತಂತ್ರಾಂಶಕ್ಕೆ ಅವಕಾಶವಿರುವ ತಮ್ಮದೇ ಮ್ಯಾಕ್ ಕಂಪ್ಯೂಟರುಗಳಲ್ಲಿ ದುಷ್ಟ ತಂತ್ರಾಂಶದ ಹಾವಳಿ ತಮಗೆ ಒಪ್ಪಿಗೆಯಾಗದ ಮಟ್ಟದಲ್ಲಿದೆ ಎಂದು ಸಾಕ್ಷ್ಯ ನುಡಿದಿದ್ದರು.

ಆದರೂ ಇಲ್ಲಿ ಎರಡು ಗೋಡೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ಫೋನಿನ ಒಳಗಿನ ಗೋಡೆ. ಪ್ರತಿಯೊಂದು ಆ್ಯಪ್ ತನ್ನದೇ ಕೋಣೆಯಲ್ಲಿ ಕೆಲಸ ಮಾಡುತ್ತದೆ. ಪಕ್ಕದ ಕೋಣೆಯ ಕಡತ ನೋಡಲಾರದು. ಕ್ಯಾಮೆರಾ, ಮೈಕು, ಸಂಪರ್ಕ ಪಟ್ಟಿ ಬೇಕಾದರೆ ಒಡೆಯರನ್ನು ಕೇಳಲೇಬೇಕು. ಈ ಗೋಡೆಯನ್ನು ಕಟ್ಟಿರುವುದು ಫೋನಿನ ಕಾರ್ಯವ್ಯವಸ್ಥೆ, ಅಂಗಡಿಯಲ್ಲ. ಆ್ಯಪ್ ಯಾವ ಅಂಗಡಿಯಿಂದ ಬಂದರೂ ಗೋಡೆ ಇದ್ದೇ ಇರುತ್ತದೆ. ಎರಡನೆಯದು ಅಂಗಡಿಯ ಬಾಗಿಲಲ್ಲಿ ನಡೆಯುವ ತಪಾಸಣೆ. ಅದು ಉಪಯುಕ್ತ, ಆದರೆ ಜರಡಿಗೆ ರಂಧ್ರಗಳಿವೆ. ಸಾಲ ಕೊಟ್ಟು ಪೀಡಿಸುವ ಆ್ಯಪ್‌ಗಳ ಹಾವಳಿಯ ಕಾಲದಲ್ಲಿ, 2021ರ ಏಪ್ರಿಲ್‌ನಿಂದ 2022ರ ಜುಲೈವರೆಗೆ ಗೂಗಲ್ ತನ್ನ ಅಂಗಡಿಯಿಂದ 2500ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ತೆಗೆದಿತ್ತೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ತೆಗೆದದ್ದು ಒಳ್ಳೆಯದೇ. ಆದರೆ ತೆಗೆಯುವ ಮೊದಲು ಅವು ಆ ಅಂಗಡಿಯಲ್ಲೇ ಇದ್ದವಲ್ಲವೆ?

ಮಕ್ಕಳ ವಿಷಯದಲ್ಲಂತೂ ಅಂಗಡಿಗಳೇ ಕಟಕಟೆ ಹತ್ತಬೇಕಾಯಿತು. ತಂದೆತಾಯಿಯರ ಒಪ್ಪಿಗೆಯಿಲ್ಲದೆ ಮಕ್ಕಳು ಆಟದೊಳಗೆ ಮಾಡಿದ ಖರೀದಿಗಳ ಹಣ ವಸೂಲು ಮಾಡಿದ್ದಕ್ಕಾಗಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. ಕೊನೆಗೆ 2014ರಲ್ಲಿ ಕನಿಷ್ಠ 3 ಕೋಟಿ 25 ಲಕ್ಷ ಡಾಲರ್ ಹಿಂದಿರುಗಿಸಲು ಆಪಲ್, 1 ಕೋಟಿ 90 ಲಕ್ಷ ಡಾಲರ್ ಹಿಂದಿರುಗಿಸಲು ಗೂಗಲ್ ಒಪ್ಪಿದವು.

ಒಂದೇ ಬಾಗಿಲಿನ ಮನೆಗೆ ಇನ್ನೊಂದು ತೊಂದರೆಯೂ ಉಂಟು. ಬಾಗಿಲು ಕಾಯುವವರನ್ನು ಹಿಡಿದರೆ ಸಾಕು, ಇಡೀ ಮನೆ ಕೈಗೆ ಸಿಕ್ಕಂತೆ. ಚೀನಾ ಸರ್ಕಾರದ ನಿಯಮಗಳಂತೆ ಆಪಲ್ 2017ರಲ್ಲಿ ಅಲ್ಲಿನ ಆ್ಯಪ್ ಸ್ಟೋರ್‌ನಿಂದ ವಿಪಿಎನ್ ಆ್ಯಪ್‌ಗಳನ್ನು ತೆಗೆಯಿತು. ಅಲ್ಲಿನ ಐಫೋನ್ ಬಳಕೆದಾರರಿಗೆ ಹೋಗಲು ಬೇರೆ ಅಂಗಡಿ ಇರಲಿಲ್ಲ.

ಭಾರತದಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಆಂಡ್ರಾಯ್ಡ್. ಹಾಗಾಗಿ ಇಲ್ಲಿನ ಜಗಳವೂ ಗೂಗಲ್ ಜೊತೆಗೇ ಹೆಚ್ಚು. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಐದೇ ದಿನಗಳ ಅಂತರದಲ್ಲಿ ಎರಡು ದಂಡ ವಿಧಿಸಿತು: ಆಂಡ್ರಾಯ್ಡ್ ಮೇಲಿನ ಹಿಡಿತಕ್ಕಾಗಿ 1,337.76 ಕೋಟಿ ರೂಪಾಯಿ, ಪ್ಲೇ ಅಂಗಡಿಯ ಹಣ ಪಾವತಿ ನಿಯಮಗಳಿಗಾಗಿ 936.44 ಕೋಟಿ. ಮೇಲ್ಮನವಿ ನ್ಯಾಯಮಂಡಳಿ 2023ರಲ್ಲಿ ಮೊದಲನೆಯ ದಂಡವನ್ನು ಎತ್ತಿಹಿಡಿದರೂ ಆಯೋಗದ ಕೆಲವು ನಿರ್ದೇಶನಗಳನ್ನು ರದ್ದುಮಾಡಿತು. ಎರಡನೆಯದನ್ನು 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಸಿತು. ನಡುವೆ 2024ರ ಮಾರ್ಚ್ 1ರಂದು, ಶುಲ್ಕದ ತಕರಾರಿನಲ್ಲಿ ಭಾರತ್ ಮ್ಯಾಟ್ರಿಮೊನಿ, ನೌಕರಿ ಮುಂತಾದ ಭಾರತೀಯ ಆ್ಯಪ್‌ಗಳು ಪ್ಲೇ ಅಂಗಡಿಯಿಂದ ಕಾಣೆಯಾದವು. ಸರ್ಕಾರ ಮಧ್ಯೆ ಪ್ರವೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ಮರಳಿದವು. ಅದಕ್ಕೆ ಒಂಬತ್ತು ದಿನ ಮೊದಲಷ್ಟೇ ಬೆಂಗಳೂರಿನ ಫೋನ್‌ಪೇ ಕಂಪನಿ ಇಂಡಸ್ ಆ್ಯಪ್‌ಸ್ಟೋರ್ ಎಂಬ ಬೇರೊಂದು ಅಂಗಡಿ ತೆರೆದಿತ್ತು. ಕನ್ನಡವೂ ಸೇರಿದಂತೆ 12 ಭಾರತೀಯ ಭಾಷೆಗಳಲ್ಲಿ ಅಲ್ಲಿ ಆ್ಯಪ್ ಹುಡುಕಬಹುದು. ಸ್ಪರ್ಧೆಯಿಂದ ಗ್ರಾಹಕರಿಗೆ ಏನು ಲಾಭ ಎಂದು ಕೇಳುವವರು ಈ ಭಾಷೆಯ ಅಂಶವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಐಫೋನಿನ ಬೀಗ ಮೊದಲು ಸಡಿಲವಾದದ್ದು ಯುರೋಪಿನಲ್ಲಿ. ಅಲ್ಲಿನ ಹೊಸ ಕಾನೂನಿನಿಂದಾಗಿ 2024ರ ಮಾರ್ಚ್‌ನಲ್ಲಿ ಯುರೋಪ್ ಒಕ್ಕೂಟದ ಬಳಕೆದಾರರಿಗೆ ಬೇರೆ ಅಂಗಡಿಗಳ ದಾರಿ ತೆರೆಯಿತು. ಆದರೆ ಆ ದಾರಿ ಹಿಡಿದ ಆ್ಯಪ್‌ಗಳು ವರ್ಷಕ್ಕೆ ಹತ್ತು ಲಕ್ಷ ಅಳವಡಿಕೆ ದಾಟಿದರೆ, ಆಮೇಲಿನ ಒಂದೊಂದಕ್ಕೂ ಅರ್ಧ ಯೂರೋ ಕೊಡಬೇಕೆಂದು ಆಪಲ್ ಆಗ ಗೊತ್ತುಮಾಡಿತು. ಬಾಗಿಲು ತೆರೆಸಿದರೆ ಹೊಸ್ತಿಲಿಗೆ ಸುಂಕ! ಇದೇ ಬಗೆಯ ಕಾನೂನು ಜಪಾನಿನಲ್ಲಿ 2025ರ ಡಿಸೆಂಬರ್‌ನಲ್ಲಿ ಪೂರ್ಣವಾಗಿ ಜಾರಿಗೆ ಬಂದಿತು. ಇತ್ತ ಸಂತೆಗೂ ಬೇಲಿ ಬರುತ್ತಿದೆ. ಪ್ಲೇ ಅಂಗಡಿಯ ಹೊರಗೆ ಆ್ಯಪ್ ಹಂಚುವವರೂ ತಮ್ಮ ಗುರುತನ್ನು ದೃಢಪಡಿಸಬೇಕೆಂಬ ನಿಯಮವನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಕಳ್ಳರಿಗೆ ಇದು ಕಷ್ಟ, ನಿಜ. ಹವ್ಯಾಸಕ್ಕೆಂದು ಆ್ಯಪ್ ಬರೆಯುವ ವಿದ್ಯಾರ್ಥಿಗಳಿಗೂ ಕಷ್ಟವೆಂದು ಆಕ್ಷೇಪ ಬಂದ ಮೇಲೆ, ಅವರಿಗೆ ಪ್ರತ್ಯೇಕ ದಾರಿ ಮಾಡಿಕೊಡುವುದಾಗಿ ನವೆಂಬರ್‌ನಲ್ಲಿ ಹೇಳಿತು.

ಮನೆಯಲ್ಲಿ ಆಂಡ್ರಾಯ್ಡ್ ಫೋನು ಇರುವವರು ಒಂದು ಸಣ್ಣ ಪರಿಶೀಲನೆ ಮಾಡಬಹುದು. ಹೊರಗಿನ ಆ್ಯಪ್ ಹಾಕಿಕೊಳ್ಳುವ ಅನುಮತಿ ಹಿಂದೆ ಇಡೀ ಫೋನಿಗೆ ಒಂದೇ ಸ್ವಿಚ್ಚಾಗಿತ್ತು. 2017ರಲ್ಲಿ ಬಂದ ಎಂಟನೆಯ ಆವೃತ್ತಿಯಿಂದ ಈಚೆಗೆ ಅದು ಒಂದೊಂದು ಆ್ಯಪ್‌ಗೂ ಬೇರೆಬೇರೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಎಂದು ಹುಡುಕಿದರೆ ಪಟ್ಟಿ ತೆರೆಯುತ್ತದೆ. ವಾಟ್ಸ್‌ಆ್ಯಪ್, ಬ್ರೌಸರ್‌ಗಳ ಮುಂದೆ ಅನುಮತಿ ಕೊಟ್ಟಿದೆ ಎಂದು ಕಂಡರೆ, ಕೊಟ್ಟವರು ಯಾರು, ಯಾವಾಗ, ಯಾವ ಆ್ಯಪ್‌ಗಾಗಿ ಎಂದು ಮಕ್ಕಳನ್ನೂ ಕೂರಿಸಿಕೊಂಡು ವಿಚಾರಿಸಿ, ಅಗತ್ಯವಿಲ್ಲದ್ದನ್ನು ಅಲ್ಲೇ ತೆಗೆಯಬಹುದು.