ಕೊನೆಗಾರನ ಸಂಬಳದ ಚೀಟಿ ಎಲ್ಲಿದೆ?

ರಸ್ತೆ ಅಪಘಾತದಲ್ಲಿ ದುಡಿಯುವ ಕೈ ಕಳೆದುಕೊಂಡ ಮನೆಗೆ ಎಷ್ಟು ಪರಿಹಾರ ಸಿಗಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹಂತ ಹಂತವಾಗಿ ಬಿಡಿಸಿಟ್ಟಿದೆ. ಮೃತರ ವರ್ಷದ ಆದಾಯಕ್ಕೆ ಮುಂದೆ ಹೆಚ್ಚಬಹುದಾಗಿದ್ದ ಪಾಲನ್ನು ಕೂಡಿಸಬೇಕು, ಸ್ವಂತ ಖರ್ಚನ್ನು ಕಳೆಯಬೇಕು, ಉಳಿದದ್ದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು.

ನಮ್ಮ ಸಾಗರ ಸೀಮೆಯ 32 ವರ್ಷದ ಕೊನೆಗಾರನೊಬ್ಬನನ್ನು ಊಹಿಸಿಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನ ದುಡಿಮೆಯನ್ನೇ ನಂಬಿದ್ದಾರೆ. ತಿಂಗಳ ಆದಾಯ 15,000 ರೂಪಾಯಿ ಎಂದಾದರೆ ವರ್ಷಕ್ಕೆ 1,80,000. ಸ್ವಂತ ದುಡಿಮೆಯವನು, 40 ವರ್ಷದೊಳಗಿನವನು, ಆದ್ದರಿಂದ ಶೇ 40 ಸೇರಿಸಿದರೆ 2,52,000. ಅವಲಂಬಿತರು ನಾಲ್ವರು, ಹಾಗಾಗಿ ಕಾಲುಭಾಗ ಕಳೆದರೆ 1,89,000. ಗುಣಕ 16. ಒಟ್ಟು 30,24,000 ರೂಪಾಯಿ. ಆದಾಯವನ್ನು 12,000 ಎಂದು ಹಿಡಿದರೆ ಇದೇ ಲೆಕ್ಕ 24,19,200ಕ್ಕೆ ಇಳಿಯುತ್ತದೆ. ಅಂದರೆ ತಿಂಗಳ ಆದಾಯದಲ್ಲಿ ಒಂದು ರೂಪಾಯಿ ಕಡಿಮೆಯಾದರೆ ಪರಿಹಾರದಲ್ಲಿ 201 ರೂಪಾಯಿ 60 ಪೈಸೆ ಹೋಗುತ್ತದೆ.

ಗುಣಕಕ್ಕೆ ಪಟ್ಟಿ ಇದೆ, ವಯಸ್ಸಿಗೆ ಶಾಲೆಯ ದಾಖಲೆ ಇದೆ. ಆದಾಯಕ್ಕೆ ಮಾತ್ರ ನಮ್ಮ ಕಡೆ ಏನೂ ಇಲ್ಲ. ಕೊನೆ ಇಳಿಸುವವರಿಗೂ ಅಡಿಕೆ ಸುಲಿಯುವ ಹೆಂಗಸರಿಗೂ ಕೂಲಿ ಸಂಜೆ ಕೈಗೆ ಬರುತ್ತದೆ, ಬರೆದಿಡುವವರು ಕಡಿಮೆ. ಕೂಲಿಕಾರರಿಂದ ಕಾಗದಪತ್ರ ನಿರೀಕ್ಷಿಸಲಾಗದು ಎಂದು 2011ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಕೆಳಗೆ 3,000ಕ್ಕೆ ಇಳಿಸಿದ್ದ ತಿಂಗಳ ಆದಾಯವನ್ನು, 2004ರ ಅಪಘಾತಕ್ಕೆ, ಕೂಲಿಕಾರರು ಹೇಳಿದ 4,500 ಎಂದೇ ಹಿಡಿಯಿತು. ಆದರೆ ಹೇಳಿದ್ದನ್ನೆಲ್ಲ ಒಪ್ಪಬೇಕೆಂದಿಲ್ಲ ಎಂದೂ ಸೇರಿಸಿತು. ದಾಖಲೆ ಇಲ್ಲದಾಗ ನಮ್ಮ ನ್ಯಾಯಾಲಯಗಳು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಲೋಕ ಅದಾಲತ್ ಪಟ್ಟಿಯನ್ನು ನೋಡುವುದುಂಟು. ಅದರಲ್ಲಿ ಅಪಘಾತದ ವರ್ಷಕ್ಕೊಂದು ಮೊತ್ತವಿದೆ. ಬರಿಗೈಯಲ್ಲಿ ಹೋದವರಿಗೆ ಅದು ಆಸರೆ, ನಿಜ. ಆದರೆ ಮರದಿಂದ ಮರಕ್ಕೆ ದಾಟುವ ಕಸುಬುದಾರನ ಕೌಶಲ ಆ ಪಟ್ಟಿಗೆ ಕಾಣುವುದಿಲ್ಲ.

ತೋಟದ ಒಡೆಯರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಜಮೀನು ಮನೆಯವರಿಗೇ ಉಳಿಯುತ್ತದೆ, ನಷ್ಟವಾದದ್ದು ಮುಖ್ಯವಾಗಿ ಮೇಲ್ವಿಚಾರಣೆ ಎಂದು 2003ರ ಜಸ್ಬೀರ್ ಕೌರ್ ತೀರ್ಪು ಹೇಳುತ್ತದೆ. ಅಡಿಕೆ ಮಾರಿದ ಬಿಲ್ಲೊಂದೇ ಸಾಲದು, ತೋಟದಲ್ಲಿ ಅವರು ಮಾಡುತ್ತಿದ್ದ ಕೆಲಸವನ್ನೂ ತೋರಿಸಬೇಕು.

ಸಾವಿನ ಲೆಕ್ಕ ಈಗಲೇ ಏಕೆ ಎಂದು ಹಿರಿಯರು ಗದರಬಹುದು. ಇದು ಸಾವಿನ ಲೆಕ್ಕವಲ್ಲ, ದುಡಿಮೆಯ ಲೆಕ್ಕ. ಬ್ಯಾಂಕಿನಲ್ಲಿ ಸಾಲ ಕೇಳುವಾಗಲೂ ಇದೇ ಬೇಕು. ಕೂಲಿಯನ್ನು ಫೋನ್‌ಪೇಯಲ್ಲೋ ಬ್ಯಾಂಕ್ ಖಾತೆಗೋ ಹಾಕಲು ತೋಟದವರಿಗೆ, ಚೇಣಿದಾರರಿಗೆ ಹೇಳಬಹುದು. ಅದಾಗದಿದ್ದರೆ ದಿನಾಂಕ, ಕೆಲಸ, ಕೂಲಿ ಬರೆದು ಕೊಟ್ಟವರ ಸಹಿ ಹಾಕಿಸಿದ ಒಂದು ನೋಟ್‌ಬುಕ್ ಇರಲಿ. ಇದ್ದದ್ದನ್ನು ಇದ್ದಂತೆ ಬರೆಯಬೇಕು. ಉಬ್ಬಿಸಿದ ಲೆಕ್ಕ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ.

ಕಾಲೇಜಿಗೆ ಹೋಗುವ ನಾವು ಹಾಜರಾತಿ, ಅಂಕಪಟ್ಟಿ, ಇಂಟರ್ನ್‌ಶಿಪ್ ಪತ್ರಗಳನ್ನೆಲ್ಲ ಜೋಪಾನವಾಗಿ ಇಡುತ್ತೇವೆ. ಆ ಫೀಸು ಕಟ್ಟಿದವರ ದುಡಿಮೆಗೂ ಒಂದು ಪುಟ ಇರಬೇಕಲ್ಲವೇ?